ಎಂಟು ಹೆಸರು ಬೇಕಿತ್ತು

ಫೆಬ್ರವರಿ ಕೊನೆಗೆ ಕೇಶವಯ್ಯ ಮೇಷ್ಟ್ರು ರಿಟೈರಾಗುವವರಿದ್ದರು. ಅದೇ ವಾರ ಹತ್ತನೇ ಕ್ಲಾಸಿನ ಮಕ್ಕಳಿಗೆ ಬೀಳ್ಕೊಡುಗೆಯೂ ಇತ್ತು. ಎರಡಕ್ಕೂ ಬೇರೆ ಬೇರೆ ಶಾಮಿಯಾನ ಯಾಕೆ, ಒಂದೇ ದಿನ ಮುಗಿಸಿಬಿಡೋಣ ಎಂದು ಹೆಡ್‌ಮಾಸ್ಟರು ತೀರ್ಮಾನ ಮಾಡಿದರು. ಹಿಂದೂಪುರಕ್ಕೆ ಹೋಗಿ ಮೇಷ್ಟ್ರ ಮನೆಯವರನ್ನು ಕರೆದು ಬರುವ ಕೆಲಸ ಜಯಚಂದ್ರನ ಪಾಲಿಗೆ ಬಂತು.

ಅವನ ಪಾಲಿಗೆ ಬಂದದ್ದು ಸಹಜವೇ. ಆಂಧ್ರದ ಗಡಿಯಲ್ಲಿ ಸೆಟ್ಟೂರು ಕಡೆಯ ಆ ಹೈಸ್ಕೂಲಿನ ಕನ್ನಡ ಸೆಕ್ಷನ್ನಿನಲ್ಲಿ ಓದಿದವನು ಅವನು. ಇಪ್ಪತ್ತೇಳು ವರ್ಷದ ಹಿಂದೆ ಕ್ಲಾಸಿಗೇ ಫಸ್ಟು. ಈಗ ಅವನ ಮಗಳು ಹರಿತಾ ಅದೇ ಸೆಕ್ಷನ್ನಿನಲ್ಲಿ ಹತ್ತು ಮುಗಿಸುತ್ತಿದ್ದಳು. ಅಪ್ಪನಿಗೂ ಮಗಳಿಗೂ ಕಾಗುಣಿತ ತಿದ್ದಿದ ಕೈ ಒಂದೇ, ಮೇಷ್ಟ್ರದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಊರು ಅದು. ಎರಡರಲ್ಲೂ ಬೈಯಬಲ್ಲರು, ಎರಡರಲ್ಲೂ ಅಳಬಲ್ಲರು. ಆದರೆ ಪುಸ್ತಕ ಹಿಡಿದು ಪಾಠ ಅಂತ ಓದಿದ್ದು ಕನ್ನಡದಲ್ಲೇ, ಅದೂ ಕೇಶವಯ್ಯನವರ ದೆಸೆಯಿಂದ ಎಂದು ಜಯಚಂದ್ರ ಕಲ್ಯಾಣದುರ್ಗದ ತನ್ನ ಮೋಟರ್ ವೈಂಡಿಂಗ್ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಕರೆಯೋಲೆ ಕನ್ನಡದಲ್ಲೇ ಆಗಬೇಕೆಂದು ಹಟ ಹಿಡಿದವನೂ ಅವನೇ. ಗಡಿ ದಾಟಿ ಪಾವಗಡದವರೆಗೆ ಹೋಗಿ ಅಚ್ಚು ಹಾಕಿಸಿಕೊಂಡು ಬಂದಿದ್ದ. ಆ ಕಟ್ಟು ಹಿಡಿದುಕೊಂಡೇ ಒಂದು ಭಾನುವಾರ ಬೆಳಿಗ್ಗೆ ಹಿಂದೂಪುರದಲ್ಲಿ ಇಳಿದ.

ಮೇಷ್ಟ್ರ ಮನೆಗೆ ಅವನು ಹಿಂದೆಂದೂ ಹೋದವನಲ್ಲ. ಮೇಷ್ಟ್ರು ಸೋಮವಾರ ಬಸ್ಸಿಗೆ ಬಂದು, ಊರಲ್ಲೊಂದು ರೂಮಿನಲ್ಲಿದ್ದು, ಶನಿವಾರ ಮಧ್ಯಾಹ್ನ ಹೊರಟುಬಿಡುತ್ತಿದ್ದರು. ಹೆಂಡತಿ, ಮಗ ಹಿಂದೂಪುರದಲ್ಲಿದ್ದಾರೆ ಅನ್ನುವುದಷ್ಟೇ ಊರಿಗೆ ಗೊತ್ತು. ಆ ದಿನ ಮೇಷ್ಟ್ರು ಯಾರದೋ ಮದುವೆಗೆಂದು ಸೋಮಂದೇಪಲ್ಲಿಗೆ ಹೋಗಿದ್ದರು. ಅವರ ಹೆಂಡತಿ ಶ್ರೀವಾಣಮ್ಮ ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದವರು ಹಿಟ್ಟು ಹತ್ತಿದ ಕೈಯಲ್ಲೇ ಕೆಳಗಿಳಿದು ಬಂದರು. ಸ್ಕೂಲಿನಿಂದ ಬಂದಿದ್ದೀನಿ, ಸಾರ್ ಹತ್ರ ಓದಿದವನು ಅಂದದ್ದೇ ತಡ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಒಳಗೆ ಕರೆದರು.

ಕೈ ತೊಳೆದುಕೊಂಡು ಬರುತ್ತೇನೆ ಎಂದು ಅವರು ಹೋದಾಗ ಮಗ ಬಂದ. ಸಾಯಿಕುಮಾರ್ ಅಂತೆ. ಇಪ್ಪತ್ತರ ಆಸುಪಾಸಿನ ಹುಡುಗ, ಕಣ್ಣಲ್ಲಿ ಥೇಟ್ ಮೇಷ್ಟ್ರೇ. ಕರೆಯೋಲೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಮ್ಮಾ, ಏಂ ರಾಸುಂದಿ ಇಂದುಲೋ?" ಇದರಲ್ಲಿ ಏನು ಬರೆದಿದೆ ಎಂದು ಒಳಗಿನ ತಾಯಿಯನ್ನು ತೆಲುಗಿನಲ್ಲಿ ಕೇಳಿದ.

ಶ್ರೀವಾಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಕ್ಕರು. "ಅವನಿಗೆ ಕನ್ನಡ ಓದೋಕೆ ಬರಲ್ಲಪ್ಪ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮೇ. ಕನ್ನಡ ಮೇಷ್ಟ್ರ ಮಗ ಅಲ್ವಾ, ಒಂದೈದು ವರ್ಷನಾದ್ರೂ ಕನ್ನಡಕ್ಕೆ ಹಾಕೋಣ ಅಂತ ನಾನೇ ಅಂದಿದ್ದೆ. ಇವರು ಬಿಲ್‌ಕುಲ್ ಬೇಡ ಅಂದ್ರು."

ಆಕೆಯೇ ಮುಂದುವರಿಸಿದರು.

"ಪಾಪ, ಇವರಿಗೆ ಭಾಳ ನೋವು. ಆ ಕಡೆ ಹುಡುಗ್ರು ಹತ್ತರವರೆಗೂ ಕನ್ನಡದಲ್ಲಿ ಓದಿ, ಕಾಲೇಜಲ್ಲಿ ಇಂಟರ್‌ಗೆ ಹೋಗಿ ತೆಲುಗಲ್ಲಿ ಒದ್ದಾಡೋದು ಕಂಡಿದ್ದಾರಲ್ಲ. ಒಬ್ಬ ಹುಡುಗ ಇದ್ನಂತೆ, ಕ್ಲಾಸಿಗೇ ಫಸ್ಟಂತೆ. ಇಂಟರಲ್ಲಿ ಎರಡು ಸಲ ಫೇಲಾಗಿ ಆಮೇಲೆ ಈ ಮೋಟರ್‌ಗೆ ತಂತಿ ಸುತ್ತೋ ಕೆಲಸಕ್ಕೆ ಬಿದ್ನಂತೆ. ಇವರು ಯಾವಾಗ್ಲೂ ಅವನದೇ ಹೇಳೋರು. ನನ್ನ ಮಗನಿಗೆ ಆ ಗತಿ ಬರಬಾರದು ಅನ್ನೋರು."

ಒಳಗೆ ಹಾಲು ಉಕ್ಕಿದ ವಾಸನೆ ಬಂದು ಆಕೆ ಓಡಿದರು. ಕಾಫಿ ಹಿಡಿದು ತಿರುಗಿ ಬಂದಾಗ ಕೇಳಿದರು, "ನಿಮ್ಮ ಹೆಸರೇ ಕೇಳಲಿಲ್ಲ ನೋಡಿ. ಏನು ಮಾಡ್ಕೊಂಡಿದ್ದೀರಿ?"

ಅವನ ಬಾಯಿಗೆ ಬಂದದ್ದು ಸತ್ತು ಒಂಬತ್ತು ವರ್ಷವಾದ ಅಪ್ಪನ ಹೆಸರು. "ಆದಿನಾರಾಯಣ ಅಂತ," ಅಂದ. "ಬೇಸಾಯ."

ಕಾಫಿ ಪೂರ್ತಿ ಕುಡಿದ. ಲೋಟ ಕೆಳಗಿಡುವಾಗ ಸದ್ದಾಗದಂತೆ ಇಟ್ಟ. ತಪ್ಪದೆ ಬನ್ನಿ ಎಂದು ತಾಯಿ ಮಗ ಇಬ್ಬರಿಗೂ ಕೈ ಮುಗಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಕಲ್ಯಾಣದುರ್ಗದ ಜೂನಿಯರ್ ಕಾಲೇಜಿನಲ್ಲಿ ಇಂಟರ್ ಓದಿದ ಆ ಎರಡು ವರ್ಷ ನೆನಪಿಗೆ ಬಂತು. ತೆಲುಗು ಅವನಿಗೆ ನೀರು ಕುಡಿದಷ್ಟು ಸಲೀಸು. ಸಂತೆಯಲ್ಲಿ ಚೌಕಾಸಿ ಮಾಡಲು, ಬಸ್ಸಿನಲ್ಲಿ ಜಗಳ ಕಾಯಲು ಸಾಕಾಗುತ್ತಿತ್ತು. ಕ್ಲಾಸಿನಲ್ಲಿ ಲೆಕ್ಚರರ್ 'ತ್ವರಣಂ' ಅಂದರೆ ಮಾತ್ರ ಅದು ತಾನು ಓದಿದ ವೇಗೋತ್ಕರ್ಷವೇ ಎಂದು ತಿಳಿಯಲು ಅವನಿಗೆ ಒಂದು ವಾರ ಹಿಡಿಯಿತು. 'ಕಿರಣಜನ್ಯ ಸಂಯೋಗಕ್ರಿಯ' ಅಂದರೆ ಎಲೆಯ ದ್ಯುತಿಸಂಶ್ಲೇಷಣೆಯ ಪಾಠ ಎಂದು ತಿಳಿಯುವ ಹೊತ್ತಿಗೆ ಪಾಠ ಬೇರಿಗೆ ಬಂದಿತ್ತು. ಕೈ ತೆಲುಗು ಅಕ್ಷರಕ್ಕೆ ಓಡುತ್ತಿರಲಿಲ್ಲ. ಲೆಕ್ಚರರ್ ಹೇಳಿದ ತೆಲುಗನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಂಡು, ಮನೆಗೆ ಬಂದು ಮತ್ತೆ ತೆಲುಗಿಗೆ ತಿರುಗಿಸಿ ಬರೆಯುತ್ತಿದ್ದ. ಪಕ್ಕದವನು ಅವನ ನೋಟ್‌ಬುಕ್ ಕಿತ್ತುಕೊಂಡು ಇಡೀ ಬೆಂಚಿಗೆ ತೋರಿಸಿ ನಗಿಸಿದ್ದ. ಎರಡು ಸಲ ಫೇಲು. ಮೂರನೇ ಸಲ ಹೇಗೋ ಪಾಸಾಗಿ, ಕನ್ನಡ ಮೇಷ್ಟ್ರಾಗುವ ಆಸೆಯಿಂದ ಗಡಿಯಾಚೆ ಕರ್ನಾಟಕದ ಒಂದು ಆಫೀಸಿಗೆ ಅರ್ಜಿ ಹಿಡಿದು ಹೋದ. ಅಲ್ಲಿನ ಗುಮಾಸ್ತ ಸರ್ಟಿಫಿಕೇಟು ನೋಡಿ, "ಆಂಧ್ರದಲ್ಲಿ ಓದಿದ್ದಾ? ಹಂಗಾದ್ರೆ ನೀವು ಹೊರಗಿನವರು" ಅಂದ. ಅಚ್ಚ ಕನ್ನಡದಲ್ಲೇ ಅಂದ.

ಅದೆಲ್ಲ ಅವನು ಎಂದೋ ನುಂಗಿಕೊಂಡಿದ್ದ. ಹಣೆಬರಹ ಅಂದುಕೊಂಡಿದ್ದ. ಈಗ ನುಂಗಲಾಗದೆ ಕೂತಿದ್ದು ಬೇರೆಯದು.

ಐದು ವರ್ಷದ ಹಿಂದೆ, ಹರಿತಾ ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಕೇಶವಯ್ಯ ಮೇಷ್ಟ್ರು ಅವನ ಮನೆ ಜಗಲಿ ಮೇಲೆ ಬಂದು ಕೂತಿದ್ದರು. ಹೆಂಡತಿ ಪದ್ಮಲತಾ ಮಗಳನ್ನು ಇಂಗ್ಲಿಷ್ ಸೆಕ್ಷನ್ನಿಗೇ ಹಾಕಬೇಕೆಂದು ನಿಶ್ಚಯ ಮಾಡಿದ್ದಳು. "ನೀನು ಪಟ್ಟಿದ್ದು ಸಾಕಾಗಿಲ್ವಾ?" ಎಂದು ಅವನಿಗೂ ಹೇಳಿ ಒಪ್ಪಿಸಿದ್ದಳು. ಮೇಷ್ಟ್ರು ಮಜ್ಜಿಗೆ ಕುಡಿದು ಲೋಟ ಪಕ್ಕಕ್ಕಿಟ್ಟು ಹೇಳಿದರು, "ಜಯಾ, ಆರನೇ ಕ್ಲಾಸಿಗೆ ಎಂಟು ಮಕ್ಕಳು ಇಲ್ದಿದ್ರೆ ಕನ್ನಡ ಸೆಕ್ಷನ್ ಎತ್ತಿಬಿಡ್ತಾರಂತೆ. ಐದು ಸಿಕ್ಕವೆ. ಇನ್ನು ಮೂರು ಬೇಕು. ನಮ್ಮವರೇ ನಮ್ಮ ಭಾಷೆ ಓದ್ದಿದ್ರೆ ಬೇರೆ ಯಾರು ಓದ್ತಾರೆ ಹೇಳು."

"ನಿಮ್ಮ ಹುಡುಗ ಎಲ್ಲಿ ಓದ್ತಾವ್ನೆ ಸಾರ್?" ಎಂದು ಪದ್ಮಲತಾ ಬಾಗಿಲ ಹಿಂದಿನಿಂದ ಕೇಳಿದ್ದಳು.

"ಅಲ್ಲೇ ಕಣಮ್ಮ, ಹಿಂದೂಪುರದಲ್ಲೇ," ಅಂದಿದ್ದರು ಮೇಷ್ಟ್ರು.

ಜಯಚಂದ್ರ ಅಂದೇ ಹೂಂ ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಅವನ ತಪ್ಪು ಅವನ ಮನೆಯೊಳಗೇ ಉಳಿಯುತ್ತಿತ್ತು. ಮರುದಿನವೇ ಉಳಿದ ಇಬ್ಬರನ್ನು ಹುಡುಕಿಕೊಂಡು ಹೊರಟ. ಒಬ್ಬ ದೊಡ್ಡಪ್ಪನ ಮೊಮ್ಮಗ. ಇನ್ನೊಬ್ಬಳು ಈರಕ್ಕನ ಮೊಮ್ಮಗಳು ಬನಶ್ರೀ. ಬನಶ್ರೀಯ ಅಪ್ಪ ಅಮ್ಮ ಕೂಲಿಗೆ ಊರೂರು ಹೋಗುವವರು. ಹುಡುಗಿ ಅಜ್ಜಿ ಹತ್ತಿರವೇ ಬೆಳೆದವಳು, ಬಲು ಚುರುಕು. ಕಲ್ಯಾಣದುರ್ಗದ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ ಸ್ಕೂಲಿನಲ್ಲಿ ಅವಳಿಗೆ ಇಂಗ್ಲಿಷ್ ಮೀಡಿಯಮ್ ಸೀಟು ಸಿಕ್ಕಿತ್ತು. ಟ್ರಂಕು ಕೂಡ ತಂದಿಟ್ಟಿದ್ದರು. ಜಯಚಂದ್ರ ಒಂದು ಗಂಟೆ ಕೂತು ಈರಕ್ಕನ ಮನಸ್ಸು ತಿರುಗಿಸಿದ. "ನನ್ನ ಮಗಳನ್ನೇ ಹಾಕ್ತಾ ಇವ್ನಿ ಕಣಕ್ಕ. ಕೆಟ್ಟದ್ದಾಗಿದ್ರೆ ಹಾಕ್ತಿದ್ನಾ?" ಅಂದಿದ್ದ.

ಬೀಳ್ಕೊಡುಗೆಯ ದಿನ ಸ್ಕೂಲಿನ ಮುಂದೆ ಕೆಂಪು ನೀಲಿ ಶಾಮಿಯಾನ ಹಾಕಿದ್ದರು. ಹುಡುಗಿಯರೆಲ್ಲ ಅಮ್ಮಂದಿರ ಸೀರೆ ಉಟ್ಟು, ಸೆರಗಿಗೆ ಪಿನ್ನು ಚುಚ್ಚಿಸಿಕೊಳ್ಳುತ್ತ ಓಡಾಡುತ್ತಿದ್ದರು. ಆರನೇ ಕ್ಲಾಸಿಗೆ ಎಂಟು ಜನ ಸೇರಿದ ಕನ್ನಡ ಸೆಕ್ಷನ್ನಿನಲ್ಲಿ ಈಗ ಉಳಿದವರು ಆರು. ಅವರ ಕೆಳಗೆ ಒಂಬತ್ತರಲ್ಲಿ ಒಬ್ಬರೂ ಇಲ್ಲ, ಎಂಟರಲ್ಲೂ ಇಲ್ಲ.

ಜಯಚಂದ್ರ ಸ್ಟಾಫ್ ರೂಮಿಗೆ ಹೋದ. ಕೇಶವಯ್ಯ ಮೇಷ್ಟ್ರು ಬೀರು ಖಾಲಿ ಮಾಡುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

"ಸಾರ್, ಹಿಂದೂಪುರಕ್ಕೆ ಹೋಗಿದ್ದೆ."

"ಹೂಂ. ಯಾರೋ ಆದಿನಾರಾಯಣ ಅನ್ನೋರು ಬಂದಿದ್ರು ಅಂದ್ಲು ನಮ್ಮವಳು." ಮೇಷ್ಟ್ರು ತಿರುಗಲಿಲ್ಲ. "ನಿಮ್ಮಪ್ಪನ ಹೆಸರು ನಂಗೆ ಮರೆತಿಲ್ಲ ಕಣಯ್ಯ. ರಿಜಿಸ್ಟರಿನಲ್ಲಿ ಬರೆದವನೇ ನಾನು."

ಜಯಚಂದ್ರ ಬಾಗಿಲು ಹಿಡಿದು ನಿಂತ. "ಯಾಕ್ ಸಾರ್?" ಅಂದ ಅಷ್ಟೇ.

"ಎಂಟು ಹೆಸರು ಬೇಕಿತ್ತು. ಇಲ್ದಿದ್ರೆ ಸೆಕ್ಷನ್ ಮುಚ್ಚಿ ನನ್ನನ್ನ ಕರ್ನೂಲು ಕಡೆ ಎತ್ತಿ ಹಾಕ್ತಿದ್ರು. ಶನಿವಾರ ಮನೆ ಸೇರೋಕೆ ಆಗ್ತಿರಲಿಲ್ಲ."

"ಅಷ್ಟೇನಾ?"

"ಅಷ್ಟೇ." ಮೇಷ್ಟ್ರು ಒಂದು ಹಳೇ ಡಸ್ಟರನ್ನು ಕಿಟಕಿ ಮೇಲಿಟ್ಟು ಕುರ್ಚಿಯಲ್ಲಿ ಕೂತರು. "ದೊಡ್ಡ ಕಾರಣ ಏನಾದ್ರೂ ಇದ್ದಿದ್ರೆ ನಿಂಗೆ ಹೇಳ್ತಿರಲಿಲ್ವಾ?"

"ನನ್ನ ಕತೆ ಹೇಳಿ ನಿಮ್ಮ ಮಗನ್ನ ಉಳಿಸ್ಕೊಂಡ್ರಿ. ಅದೇ ಬಾಯಲ್ಲಿ ಭಾಷೆ ಅಂತ ಹೇಳಿ ನನ್ನ ಮಗಳನ್ನ ಕರ್ಕೊಂಡ್ರಿ."

ಮೇಷ್ಟ್ರ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು. ಮತ್ತೆ ಹಾಕಿಕೊಂಡಾಗ ದನಿ ಬದಲಾಗಿತ್ತು. "ಹೌದು. ಆದ್ರೆ ಒಂದು ಹೇಳು ಜಯಾ. ನಾನು ಕಣ್ಣಲ್ಲಿ ಕಂಡಿದ್ದೆ ಅಷ್ಟೇ. ನೀನು ಮೈಮೇಲೆ ಅನುಭವಿಸಿದವನು. ನಿನ್ನ ಹೆಂಡ್ತಿ ಬೇಡ ಅಂತ ಬಾಗಿಲ ಹಿಂದೆ ನಿಂತಿದ್ಲು. ನೀನ್ಯಾಕೆ ಹೂಂ ಅಂದೆ?"

ಅಷ್ಟು ಹೊತ್ತಿಗೆ ಹೆಡ್‌ಮಾಸ್ಟರು ಬಂದು, ಸಾರ್ ಎಂಎಲ್‌ಎ ಕಡೆಯವರು ಬಂದ್ರು, ಶುರು ಮಾಡೋಣ ಎಂದು ಮೇಷ್ಟ್ರ ಕೈ ಹಿಡಿದು ಕರೆದುಕೊಂಡು ಹೋದರು. ಜಯಚಂದ್ರನಿಗೆ ಉತ್ತರ ಹೇಳುವ ಪ್ರಮೇಯ ಬರಲಿಲ್ಲ. ಆದರೆ ಉತ್ತರ ಅವನಿಗೆ ಗೊತ್ತಿತ್ತು. ಮೇಷ್ಟ್ರು ತಾವಾಗಿ ಅವನ ಮನೆ ಜಗಲಿಗೆ ಬಂದು ಕೂತಿದ್ದರು. 'ಜಯಾ' ಅಂದಿದ್ದರು. ಇಂಟರ್ ಫೇಲಾದ ಮೇಲೆ ಅವನನ್ನು ಹಾಗೆ ಯಾರೂ, ಒಳ್ಳೇ ಹುಡುಗ ಅನ್ನುವ ದನಿಯಲ್ಲಿ, ಕರೆದಿರಲಿಲ್ಲ. ಆ ಒಂದು ಮಧ್ಯಾಹ್ನ ಮತ್ತೆ ಕ್ಲಾಸಿಗೆ ಫಸ್ಟ್ ಆಗುವ ಆಸೆಗೆ ಅವನು ಮಗಳನ್ನು ಒಪ್ಪಿಸಿದ್ದ.

ಶಾಮಿಯಾನದ ಅಂಚಿನಲ್ಲಿ ಈರಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದಳು.

"ಏನಪ್ಪ ಜಯಣ್ಣ, ನಿನ್ನೇ ಹುಡುಕ್ತಾ ಇದ್ದೆ. ಬನಶ್ರೀನ ಇನ್ನು ಎಲ್ಲಿಗೆ ಹಾಕ್ಲಿ? ಕಾಲೇಜಲ್ಲಿ ಕೇಳ್ಕೊಂಡು ಬಂದ್ಳಂತೆ. ಅಲ್ಲಿ ಇಂಗ್ಲಿಷು, ಇಲ್ಲಾಂದ್ರೆ ತೆಲುಗು, ಕನ್ನಡ ಇಲ್ವಂತಲ್ಲ. ನೀನು ಅವತ್ತು ಹೇಳ್ದಾಗ ಮುಂದೆ ಎಲ್ಲೈತೆ ಅಂತ ನಾನು ಕೇಳಲೇ ಇಲ್ಲ ನೋಡು."

"ಅಲ್ಲೇ ಕಣಕ್ಕ, ಏನಾದ್ರೂ ಆಯ್ತದೆ. ಚುರುಕು ಹುಡುಗಿ, ಹೊಂದ್ಕೋತಾಳೆ," ಅಂದ ಜಯಚಂದ್ರ. ಅಂದ ಕ್ಷಣವೇ ತನ್ನ ಬಾಯಿಂದ ಬಂದದ್ದು ಯಾರ ದನಿ ಎಂದು ಅವನಿಗೆ ತಿಳಿಯಿತು. ತಿಳಿದರೂ ತಿದ್ದಲಿಲ್ಲ. ಈರಕ್ಕ ಸರಿಯಪ್ಪ ಎಂದು ತಲೆಯಾಡಿಸಿ ಹೋಗಿ ಹೆಂಗಸರ ಸಾಲಿನಲ್ಲಿ ಕೂತಳು.

ಸಭೆ ಎರಡು ಗಂಟೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಕನ್ನಡದ ದೀಪ ಆರದಂತೆ ಕಾಪಾಡಿದವರು ಎಂದು ಒಬ್ಬರು ತೆಲುಗಿನಲ್ಲಿ ಹೊಗಳಿದರು. ಹರಿತಾ ಮಕ್ಕಳ ಪರವಾಗಿ ತಾನೇ ಬರೆದುಕೊಂಡು ಬಂದದ್ದನ್ನು ಓದಿದಳು. ಕನ್ನಡ ಎಷ್ಟು ಚೆನ್ನಾಗಿತ್ತೆಂದರೆ ಒಂದು ಅಕ್ಷರ ತೊಡರಲಿಲ್ಲ. ಕೇಳುತ್ತಿದ್ದ ಜಯಚಂದ್ರನ ಎದೆ ಉಬ್ಬಬೇಕಿತ್ತು. ಇಷ್ಟು ಚೆಂದದ ಕನ್ನಡ ಜೂನ್ ತಿಂಗಳಿಂದ ಇವಳಿಗೆ ಯಾವ ಕೆಲಸಕ್ಕೆ ಬರುತ್ತದೆ ಎಂಬ ಯೋಚನೆ ಬಂದು ತಲೆ ತಗ್ಗಿಸಿದ.

"ಇದೇ ಶಾಲೆಯಲ್ಲಿ ಓದಿ, ಮಗಳನ್ನೂ ಇದೇ ಶಾಲೆಯಲ್ಲಿ ಓದಿಸಿದ, ಕಲ್ಯಾಣದುರ್ಗದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಜಯಚಂದ್ರ ಅವರು ಈಗ ಎರಡು ಮಾತಾಡ್ತಾರೆ," ಎಂದು ಮೈಕಿನಲ್ಲಿ ಕೂಗಿದರು.

ಮೊದಲ ಸಾಲಿನಲ್ಲಿ ಕೂತಿದ್ದ ಶ್ರೀವಾಣಮ್ಮ ಸ್ಟೇಜ್ ಹತ್ತುತ್ತಿದ್ದವನ ಮುಖ ನೋಡಿದರು. ಮತ್ತೊಮ್ಮೆ ನೋಡಿದರು. ಸೆರಗು ಬಾಯಿಗೆ ಹೋಯಿತು. ಪಕ್ಕದಲ್ಲಿ ಮಗ ಫೋನ್ ನೋಡುತ್ತಿದ್ದ.

ಎಲ್ಲವನ್ನೂ ಹೇಳಿಬಿಡಬಹುದಿತ್ತು. ಮೈಕು ಕೈಯಲ್ಲಿತ್ತು, ಊರು ಎದುರಲ್ಲಿತ್ತು. ಆದರೆ ಹೆಂಗಸರ ಸಾಲಿನಲ್ಲಿ ಈರಕ್ಕ ಕೂತಿದ್ದಳು. ಮೇಷ್ಟ್ರ ಮೇಲೆ ಎಸೆದ ಕಲ್ಲು ಅಲ್ಲಿಗೆ ನಿಲ್ಲುವುದಿಲ್ಲ, ಮುಂದಿನ ಮಾತು ತನ್ನದೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಸಾರ್ ನಮಗೇನು ಮಾಡಿದ್ರು ಅಂತ ನನಗೆ ಗೊತ್ತು," ಅಂದ. "ಸಾರಿಗೂ ಗೊತ್ತು. ಅಷ್ಟೇ ನಾನು ಹೇಳೋದು."

ಜನ ಚಪ್ಪಾಳೆ ತಟ್ಟಿದರು. ಮಾತು ಬಾರದಷ್ಟು ಉಮ್ಮಳ ಬಂದಿದೆ ಎಂದುಕೊಂಡು ಹೆಡ್‌ಮಾಸ್ಟರು ಅವನ ಬೆನ್ನು ಸವರಿದರು. ಕೇಶವಯ್ಯ ಮೇಷ್ಟ್ರು ಹಾರದೊಳಗೆ ಗದ್ದ ಹುದುಗಿಸಿ ಕೂತಿದ್ದರು. ಅವನು ಕಾಲಿಗೆ ಬೀಳಲು ಬಗ್ಗಿದಾಗ ಕಾಲು ಹಿಂದಕ್ಕೆಳೆದುಕೊಂಡರು.

ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ಹರಿತಾ ಹಿಂದಿನಿಂದ ಹೇಳಿದಳು, "ಅಪ್ಪಾ, ನೀನು ಹೇಳಿದ್ದು ಹೊಗಳಿಕೆ ಅಲ್ಲ ಅಲ್ವಾ?"

ಅವನು ಗೇರು ಬದಲಿಸಿದ.

"ನಂಗೆ ಏಳನೇ ಕ್ಲಾಸಲ್ಲೇ ಗೊತ್ತಾಗಿತ್ತು. ನಮ್ಮ ಹಿಂದೆ ಯಾರೂ ಸೇರಲಿಲ್ಲ. ನಾವು ಒಂದು ರೂಮ್ ಬಿಟ್ರೆ ಆ ರೂಮಿಗೆ ಬೀಗ. ಎಂಟಕ್ಕೆ ಬಂದ್ವಿ, ಏಳಕ್ಕೆ ಬೀಗ. ಸೇರಿದವರು ಹತ್ತು ಮುಗಿಸೋವರೆಗೆ ಸೆಕ್ಷನ್ ಮುಚ್ಚಂಗಿಲ್ಲ, ಸಾರ್ ರಿಟೈರ್ ಆಗೋವರೆಗೆ ನಾವು ಬೇಕು ಅಂತ ಬನಶ್ರೀ ಲೆಕ್ಕ ಹಾಕಿ ಹೇಳಿದ್ಲು."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ಸಾರ್ ಹೆಸರು ಬಂದ್ರೆ ಸಾಕು, ನಿನ್ನ ಮುಖ ಅರಳ್ತಿತ್ತು."

ಬೈಕು ಹಳ್ಳದ ರಸ್ತೆಗೆ ಇಳಿಯಿತು.

ನಾಲ್ಕು ದಿನ ತಡೆದು ಐದನೇ ದಿನ ಜಯಚಂದ್ರ ಈರಕ್ಕನ ಮನೆಗೆ ಹೋದ. ಅವಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಕುಟ್ಟಿ ತೆಗೆಯುತ್ತಿದ್ದಳು. ಬನಶ್ರೀ ಒಳಗೆ ಪರೀಕ್ಷೆಗೆ ಓದುತ್ತಿದ್ದಳು. ಗಟ್ಟಿಯಾಗಿ ಓದುವ ದನಿ ಕೇಳುತ್ತಿತ್ತು.

"ಈರಕ್ಕಾ, ಅವತ್ತು ಶಾಮಿಯಾನದ ಹತ್ರ ನಿಂಗೆ ಸುಳ್ಳು ಹೇಳ್ದೆ," ಅಂದ. ಮೇಷ್ಟ್ರ ವಿಷಯ ಹೇಳಿದ. ಎಂಟು ಹೆಸರಿನ ವಿಷಯ ಹೇಳಿದ. ತಾನು ಕಾಲೇಜಿನಲ್ಲಿ ಪಟ್ಟದ್ದು ಹೇಳಿದ. ಮುಂದಿನ ದಾರಿ ಕಷ್ಟ, ಹರಿತಾ ಜೊತೆ ಬನಶ್ರೀನೂ ಕಾಲೇಜಿಗೆ ಸೇರಲಿ, ಪುಸ್ತಕ ತಾನೇ ತಂದುಕೊಡ್ತೀನಿ ಅಂದ.

ಈರಕ್ಕ ಕುಟ್ಟುವುದು ನಿಲ್ಲಿಸಿದಳು. "ಅವತ್ತು ನಮ್ಮ ಮನೆಗೆ ಬಂದಾಗ, ಮುಂದೆ ಹಿಂಗಾಯ್ತದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಕ್ಕ."

"ಮೇಷ್ಟ್ರು ಮೋಸ ಮಾಡಿದ್ದು ನಿಂಗೆ ಈಗ ಗೊತ್ತಾಯ್ತು. ಆದ್ರೆ ಓದೋ ಕಷ್ಟ ಅವತ್ತೇ ಗೊತ್ತಿತ್ತು."

"ಹೌದು."

ಅವಳು ಅವನನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು. ಈರಕ್ಕ ಮೊರ ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ಟ್ರಂಕು ತಂದಿಟ್ಟಿದ್ವಿ," ಅಂದಳು. ಆಮೇಲೆ, "ಅವಳ ಅಪ್ಪ ಹಿಂದೂಪುರದ ಹತ್ರ ಗಾರ್ಮೆಂಟ್ಸಲ್ಲಿ ಮಾತಾಡವ್ನೆ. ಪರೀಕ್ಷೆ ಮುಗಿದ ಮೇಲೆ ಹೋಯ್ತಾಳೆ. ನಿಮ್ಮ ಪುಸ್ತಕ ಬೇಡ. ನೀವು ಇನ್ನು ಹೋಗಿ ಬನ್ನಿ."

ಹುಟ್ಟಿದಾಗಿನಿಂದ ಅವನನ್ನು 'ನೀನು' ಅಂದವಳು ಅವಳು. ಒಳಗೆ ಓದುವ ದನಿ ನಿಂತಿತ್ತು. ಜಯಚಂದ್ರ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದ.

ಏಪ್ರಿಲಿನಲ್ಲಿ ರಿಸಲ್ಟ್ ಬಂತು. ಬನಶ್ರೀಗೆ ಹರಿತಾಗಿಂತ ಹದಿನೇಳು ಮಾರ್ಕು ಹೆಚ್ಚು. ಅಷ್ಟರಲ್ಲಿ ಅವಳು ಹೊಲಿಗೆ ಮಿಷನ್ ಮುಂದೆ ಕೂತು ಮೂರು ವಾರವಾಗಿತ್ತು. ಹರಿತಾ ಫೋನ್ ಮಾಡಿ ಹೇಳಿದ್ದಕ್ಕೆ, ಶಿಫ್ಟ್ ಐತೆ, ಆಮೇಲೆ ಮಾತಾಡ್ತೀನಿ ಅಂದಳಂತೆ.

ಜೂನಿನಲ್ಲಿ ಹರಿತಾ ಕಲ್ಯಾಣದುರ್ಗದ ಕಾಲೇಜಿಗೆ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿದಳು. ಸಂಜೆ ಕ್ಲಾಸು ಮುಗಿಸಿ, ಬಸ್ಸಿನ ಹೊತ್ತಾಗುವವರೆಗೆ ಅಪ್ಪನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಓದುತ್ತಿದ್ದಳು. ಎರಡನೇ ವಾರ, ಬಾಟನಿ ಪುಸ್ತಕದ ಒಂದೇ ಪುಟ ಅರ್ಧ ಗಂಟೆಯಿಂದ ತಿರುಗದೆ ಇದ್ದದ್ದು ಜಯಚಂದ್ರನ ಕಣ್ಣಿಗೆ ಬಿತ್ತು. ಮೋಟರಿನ ಕಾಯಿಲಿಗೆ ತಂತಿ ಸುತ್ತುತ್ತಿದ್ದವನು ಕೈ ನಿಲ್ಲಿಸಿದ.

"ಅರ್ಥ ಆಯ್ತದೇನಮ್ಮ?"

"ಆಯ್ತದೆ," ಅಂದಳು ಹರಿತಾ, ತಲೆ ಎತ್ತದೆ.

ಅವನು ಮತ್ತೆ ತಂತಿ ಸುತ್ತತೊಡಗಿದ. ಅವಳು ಪುಟ ತಿರುಗಿಸಿದಳು.